ಯುರೋಪಿನಲ್ಲಿ ಕಾದಿದ ಅಮೆರಿಕನ್ ಯೋಧರ ಯುದ್ಧಸ್ಮೃತಿಗಳು

ಎರಡನೆಯ ಮಹಾಯುದ್ಧದಲ್ಲಿ ಇಟಲಿ, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್, ಜರ್ಮನಿಗಳ ನೆಲದ ಮೇಲೂ ಆಕಾಶದಲ್ಲೂ ಹೋರಾಡಿದ ಅಮೆರಿಕನ್ ಸೈನಿಕರು ತಾವೇ ಬರೆದಿಟ್ಟ, ಇನ್ನೊಬ್ಬರಿಗೆ ಹೇಳಿ ಬರೆಸಿದ ಅಥವಾ ಟೇಪು, ವಿಡಿಯೊಗಳಲ್ಲಿ ದಾಖಲಿಸಿದ ಅನುಭವಕಥನಗಳು. ಆ ಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟವರು ಎಲ್ಲ ರಂಗಗಳೂ ಸೇರಿ ಸುಮಾರು 1.6 ಕೋಟಿ, ಸತ್ತವರು 4 ಲಕ್ಷಕ್ಕೂ ಹೆಚ್ಚು. ಯುರೋಪಿನ ನೆಲದಲ್ಲಿ ಅವರ ಕಾಳಗ 1943ರ ಜುಲೈಯಲ್ಲಿ ಸಿಸಿಲಿ ದ್ವೀಪದಲ್ಲಿ ಶುರುವಾಗಿ 1945ರ ಮೇ 8ರಂದು ಮುಗಿಯಿತು. ಎರಡು ವರ್ಷವೂ ತುಂಬದ ಈ ಅವಧಿಯನ್ನು ಕುರಿತ ಬರವಣಿಗೆ ಎಂಟು ದಶಕಗಳಿಂದ ನಡೆದೇ ಇದೆ. ಇಂಥ ಒಂದು ಕಥನ ಯಾವ ಕಾಳಗದ್ದು ಎಂದು ಕೇಳುವಷ್ಟೇ ಅದನ್ನು ಯಾವ ವರ್ಷ, ಯಾರ ಮುಂದೆ ಹೇಳಿದ್ದು ಎಂದು ಕೇಳುವುದೂ ಅಗತ್ಯ. 1944ರಲ್ಲಿ ಆಸ್ಪತ್ರೆಯ ಹಡಗಿನಲ್ಲಿ ಮಲಗಿ ಹೇಳಿದ ಮಾತು ಬೇರೆ, ಐವತ್ತು ವರ್ಷಗಳ ನಂತರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳಿದ ಮಾತು ಬೇರೆ.

ಸೈನ್ಯದ ಅಧಿಕೃತ ಕಾಗದಪತ್ರಗಳು ಇರುವಾಗ ಮುದುಕರ ನೆನಪುಗಳ ಮೇಲೆ ಇಷ್ಟು ಭಾರ ಹಾಕುವುದೇಕೆ ಎಂದು ಕೇಳಬಹುದು. ಆ ಕಾಗದಪತ್ರಗಳಲ್ಲಿ ದೊಡ್ಡ ಪಾಲು ಈಗ ಇಲ್ಲವೇ ಇಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತಗಳು ಬೂದಿಯಾದವು. 1912ರ ನವೆಂಬರ್‌ನಿಂದ 1960ರ ಆರಂಭದವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರ ಸೇವಾ ದಾಖಲೆಗಳಲ್ಲಿ ಶೇ. 80ರಷ್ಟು ಅಲ್ಲಿ ನಾಶವಾದವು. ಅವುಗಳ ನಕಲು ಇರಲಿಲ್ಲ, ಮೈಕ್ರೊಫಿಲ್ಮ್ ಕೂಡ ಮಾಡಿಟ್ಟಿರಲಿಲ್ಲ. ಸಾಮಾನ್ಯ ಸಿಪಾಯಿಯೊಬ್ಬ ಯಾವ ತುಕಡಿಯಲ್ಲಿದ್ದ, ಎಲ್ಲಿ ಗಾಯಗೊಂಡ ಎಂದು ತಿಳಿಯಲು ಎಷ್ಟೋ ಕುಟುಂಬಗಳಿಗೆ ಈಗ ಉಳಿದಿರುವುದು ಟ್ರಂಕಿನಲ್ಲಿರುವ ಪತ್ರಗಳು ಮತ್ತು ಆತ ಹೇಳಿದ ಕಥೆಗಳು, ಇಷ್ಟೇ.

ರಣರಂಗದಲ್ಲೇ ದಾಖಲಾದವು

ಮೊದಲಿಗೆ ಬರುವವು ಪತ್ರಗಳು. ಸಿಪಾಯಿ ಮನೆಗೆ ಬರೆದ ಪತ್ರವನ್ನು ಅವನ ತುಕಡಿಯ ಅಧಿಕಾರಿಯೇ ಓದಿ, ಊರಿನ ಹೆಸರು, ತುಕಡಿಯ ಚಲನೆ, ಸಾವುನೋವು ಇವನ್ನೆಲ್ಲ ಕತ್ತರಿಸಿ ಅಥವಾ ಮಸಿ ಬಳಿದು ಕಳಿಸುತ್ತಿದ್ದ. 1942ರಿಂದ ಬಂದ ವಿ-ಮೇಲ್ ವ್ಯವಸ್ಥೆಯಲ್ಲಿ ಪತ್ರಗಳನ್ನು ಫಿಲ್ಮಿಗೆ ಇಳಿಸಿ ಹಡಗು, ವಿಮಾನಗಳಲ್ಲಿ ಸಾಗಿಸಿ, ಆಚೆ ದಡದಲ್ಲಿ ಮತ್ತೆ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಆ ಚಿಕ್ಕ ಹಾಳೆಯಲ್ಲಿ ಹಿಡಿಸುತ್ತಿದ್ದದ್ದು ಹವಾಮಾನ, ಊಟ, ಕಾಲುಚೀಲ ಕಳಿಸಿ ಎಂಬ ಬೇಡಿಕೆ, ನಾನು ಚೆನ್ನಾಗಿದ್ದೇನೆ ಎಂಬ ಭರವಸೆ. ಶತ್ರುವಿನ ಕೈಗೆ ಸಿಕ್ಕೀತೆಂಬ ಭಯದಿಂದ ಮುಂಚೂಣಿಯಲ್ಲಿ ದಿನಚರಿ ಬರೆಯಬಾರದೆಂಬ ನಿಯಮವೂ ಇತ್ತು. ನಿಯಮ ಮುರಿದವರ ದಿನಚರಿಗಳು ಆದ್ದರಿಂದಲೇ ಇಂದು ಅಮೂಲ್ಯವಾಗಿವೆ.

ಸೈನ್ಯವೇ ಕೆಲವು ಇತಿಹಾಸಕಾರರನ್ನು ರಣರಂಗಕ್ಕೆ ಕಳಿಸಿತ್ತು. ಫಾರೆಸ್ಟ್ ಪೋಗ್ ಅವರಲ್ಲೊಬ್ಬರು. ಫ್ರಾನ್ಸಿನ ನಾರ್ಮಂಡಿ ದಡದ ಆಚೆ ಲಂಗರು ಹಾಕಿದ್ದ ಹಡಗಿನಲ್ಲಿ, ದಡದಿಂದ ತಂದು ಮಲಗಿಸಿದ ಗಾಯಾಳುಗಳ ಪಕ್ಕದಲ್ಲಿ ಕುಳಿತು ಅವರು ಮಾತು ಬರೆದುಕೊಂಡರು. ಗೆದ್ದೆವೋ ಸೋತೆವೋ ಎಂಬುದೂ ತಿಳಿಯದಿದ್ದ ಆ ಮಾತುಗಳಲ್ಲಿ ಮುಂದಾದದ್ದರ ನೆರಳು ಬಿದ್ದಿಲ್ಲ. ಪೋಗ್ ಅವರ ಯುದ್ಧಕಾಲದ ದಿನಚರಿ ಪುಸ್ತಕವಾಗಿ ಬಂದದ್ದು 2001ರಲ್ಲಿ.

ಪೋಗ್ ಅವರಿಗಿಂತ ಹೆಚ್ಚು ಹೆಸರಾದವರು ಸೈನ್ಯದ ಇನ್ನೊಬ್ಬ ಇತಿಹಾಸಕಾರ ಎಸ್.ಎಲ್.ಎ. ಮಾರ್ಷಲ್. ಕಾಳಗ ಮುಗಿದ ಕೆಲವೇ ದಿನಗಳಲ್ಲಿ ಬದುಕುಳಿದವರನ್ನು ಒಟ್ಟಿಗೆ ಕೂರಿಸಿ, ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಒಬ್ಬರ ಮಾತಿಗೆ ಇನ್ನೊಬ್ಬರು ತಿದ್ದುಪಡಿ ಹೇಳುವಂತೆ ಮಾಡಿ, ನಡೆದದ್ದನ್ನು ಗಂಟೆಗಂಟೆಯಾಗಿ ಕಟ್ಟುವುದು ಅವರ ವಿಧಾನ. ಬೆಲ್ಜಿಯಂನ ಬಾಸ್ಟೋನ್ ಪಟ್ಟಣದ ಮುತ್ತಿಗೆಯ ಬಗ್ಗೆ ಅವರ ತಂಡ ತಂದ ವಿವರಗಳು ಇಂದಿಗೂ ಬಳಕೆಯಲ್ಲಿವೆ. ಆದರೆ 1947ರ 'ಮೆನ್ ಅಗೇನ್‌ಸ್ಟ್ ಫೈರ್' ಪುಸ್ತಕದಲ್ಲಿ ಅವರು ಹೇಳಿದ ಒಂದು ಮಾತು ಅವರ ಹೆಸರಿಗೇ ಮುಳುವಾಯಿತು. ಕಾಳಗದಲ್ಲಿದ್ದ ಕಾಲಾಳುಗಳಲ್ಲಿ ಶೇ. 15ರಿಂದ 25ರಷ್ಟು ಮಂದಿ ಮಾತ್ರ ತಮ್ಮ ಬಂದೂಕು ಹಾರಿಸಿದರೆಂದು ಅವರು ಬರೆದರು. ಸೈನ್ಯದ ತರಬೇತಿಯೇ ಅದರ ಪ್ರಭಾವದಿಂದ ಬದಲಾಯಿತು. ಅವರು ತೀರಿಕೊಂಡು ಹನ್ನೊಂದು ವರ್ಷದ ಮೇಲೆ, 1988ರಲ್ಲಿ, ಮಾರ್ಷಲ್‌ರ ಟಿಪ್ಪಣಿಗಳನ್ನು ಇತಿಹಾಸಕಾರ ರೋಜರ್ ಸ್ಪಿಲ್ಲರ್ ಹುಡುಕಿ ನೋಡಿದರು. ಆ ಅಂಕಿಗೆ ಆಧಾರ ಸಿಗಲಿಲ್ಲ. ಯೋಧರನ್ನು ಆ ಪ್ರಶ್ನೆ ಕೇಳಿದ ಗುರುತೂ ಇರಲಿಲ್ಲ. ಸಾಕ್ಷಿ ಹೇಳುವವರಷ್ಟೇ ಸಾಕ್ಷಿ ಬರೆದುಕೊಳ್ಳುವವರನ್ನೂ ಪರೀಕ್ಷಿಸಬೇಕೆಂಬುದು ಈ ಕ್ಷೇತ್ರದಲ್ಲಿ ಪಾಠವಾದದ್ದು ಆಗ.

ಇದಕ್ಕೆ ಎದುರಾಗಿ ನಿಲ್ಲುವುದು ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡ ಯುದ್ಧಕಾಲದಲ್ಲೇ ನಡೆಸಿದ ಸಮೀಕ್ಷೆಗಳು. ಐದು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ, ಹೆಸರು ಬರೆಯದೆ ತುಂಬುವ ಪ್ರಶ್ನಾವಳಿಗಳನ್ನು ಕೊಟ್ಟರು. ಫಲಿತಾಂಶ 1949ರಲ್ಲಿ 'ದಿ ಅಮೆರಿಕನ್ ಸೋಲ್ಜರ್' ಸಂಪುಟಗಳಾಗಿ ಬಂತು. ಯಾವುದಕ್ಕಾಗಿ ಹೋರಾಡುತ್ತಿದ್ದೀರಿ ಎಂದು ಕೇಳಿದರೆ ಪ್ರಜಾಪ್ರಭುತ್ವ, ಸ್ವಾತಂತ್ರ್ಯ ಎಂದವರು ಕಡಿಮೆ. ಕೆಲಸ ಮುಗಿಸಿ ಮನೆಗೆ ಹೋಗಬೇಕು, ಪಕ್ಕದವನ ಕೈಬಿಡಬಾರದು ಎಂಬುದೇ ಬಹಳ ಜನರ ಉತ್ತರ. ನಂತರದ ದಶಕಗಳಲ್ಲಿ ಬರೆದ ಸ್ಮೃತಿಗಳಲ್ಲಿ ಆದರ್ಶದ ಮಾತು ಹೆಚ್ಚುತ್ತಾ ಹೋಗುತ್ತದೆ. ಅದನ್ನು ಸುಳ್ಳೆನ್ನುವಂತಿಲ್ಲ. ನಾಜಿ ಶಿಬಿರಗಳಲ್ಲಿ ನಡೆದದ್ದು ಏನೆಂದು ಗೊತ್ತಾದ ಮೇಲೆ ಅವರಿಗೆ ತಮ್ಮ ಯುದ್ಧದ ಅರ್ಥವೇ ಬದಲಾಗಿತ್ತು.

ಬರಹದ ಜೊತೆಗೆ ಗೆರೆಗಳಲ್ಲೂ ಇಂಥ ದಾಖಲೆ ಉಳಿದಿದೆ. 45ನೇ ಡಿವಿಷನ್‌ನ ಬಿಲ್ ಮಾಲ್ಡಿನ್ ಇಟಲಿಯಲ್ಲಿ ಬರೆದ ವಿಲ್ಲಿ ಮತ್ತು ಜೋ ಎಂಬ ಗಡ್ಡ ಬೆಳೆದ, ಕೆಸರು ಮೆತ್ತಿದ, ನಿದ್ದೆಗೆಟ್ಟ ಇಬ್ಬರು ಕಾಲಾಳುಗಳ ವ್ಯಂಗ್ಯಚಿತ್ರಗಳು ಸೈನಿಕ ಪತ್ರಿಕೆ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್'ನಲ್ಲಿ ಬರುತ್ತಿದ್ದವು. ಸಿಪಾಯಿಗಳು ಅವುಗಳಲ್ಲಿ ತಮ್ಮನ್ನೇ ಕಂಡರು. ಶಿಸ್ತಿನ ಹುಚ್ಚಿದ್ದ ಜನರಲ್ ಪ್ಯಾಟನ್‌ಗೆ ಕೋಪ ಬಂದು ಮಾಲ್ಡಿನ್‌ರನ್ನು ಕರೆಸಿ ಗದರಿಸಿದರು, ಸರ್ವೋಚ್ಚ ಸೇನಾಧಿಪತಿ ಐಸೆನ್‌ಹೋವರ್‌ರ ಪಾಳಯ ಚಿತ್ರಕಾರನ ಪರ ನಿಂತಿತು. 1945ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಾಗ ಮಾಲ್ಡಿನ್‌ಗೆ 23 ವರ್ಷ. ಅದೇ ವರ್ಷ ಪ್ರಕಟವಾದ ಅವರ 'ಅಪ್ ಫ್ರಂಟ್' ಈ ರಾಶಿಯಲ್ಲಿ ನಗಿಸುವ ಕೆಲವೇ ಪುಸ್ತಕಗಳಲ್ಲೊಂದು.

ಯುದ್ಧ ಮುಗಿದೊಡನೆ, ಮತ್ತು ಮೌನ

ಮೊದಲ ಕೆಲವೇ ವರ್ಷಗಳಲ್ಲಿ ಬಂದ ಸ್ಮೃತಿಗಳಲ್ಲಿ ಚಾರ್ಲ್ಸ್ ಬಿ. ಮ್ಯಾಕ್‌ಡೊನಾಲ್ಡ್ ಅವರ 'ಕಂಪನಿ ಕಮಾಂಡರ್' (1947) ಎತ್ತರದಲ್ಲಿದೆ. ಕಾಳಗವನ್ನೇ ಕಾಣದ, 21 ವರ್ಷದ ಈ ಕ್ಯಾಪ್ಟನ್‌ಗೆ 1944ರ ಶರತ್ಕಾಲದಲ್ಲಿ ನುರಿತ ಯೋಧರಿದ್ದ ಒಂದು ಕಂಪನಿಯ ಹೊಣೆ ಬಿತ್ತು. ಡಿಸೆಂಬರ್ 16ರಂದು ಜರ್ಮನರು ಆರ್ಡೆನ್ ಕಾಡಿನಲ್ಲಿ ಅನಿರೀಕ್ಷಿತ ದಾಳಿ ಆರಂಭಿಸಿದರು; ಬಲ್ಜ್ ಕದನವೆಂದು ಹೆಸರಾದ ಆ ಕಾಳಗದಲ್ಲಿ ಜನವರಿ ಕೊನೆಯ ಹೊತ್ತಿಗೆ ಸುಮಾರು 19,000 ಅಮೆರಿಕನ್ನರು ಸತ್ತರು. ದಾಳಿಯ ಮೊದಲ ದಿನಗಳಲ್ಲೇ ಮ್ಯಾಕ್‌ಡೊನಾಲ್ಡರ ಕಂಪನಿ ನುಚ್ಚುನೂರಾಯಿತು. ತಾನು ಹೆದರಿದ್ದು, ತನ್ನಿಂದಲೇ ಸೋಲಾಯಿತೆಂದು ಕೊರಗಿದ್ದು ಯಾವುದನ್ನೂ ಅವರು ಮುಚ್ಚಿಟ್ಟಿಲ್ಲ. ತಮ್ಮ ಕಡೆಯವರೇ ಸೆರೆಸಿಕ್ಕ ಜರ್ಮನರನ್ನು ಕೊಂದದ್ದನ್ನು ಯುದ್ಧಾಪರಾಧವೆಂದೇ ಹೆಸರಿಸಿದ್ದಾರೆ. ಗೆಲುವಿನ ಅಮಲು ಇನ್ನೂ ಇಳಿಯದ 1947ರಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಮುಂದೆ ಅವರು ಸೈನ್ಯದ ಅಧಿಕೃತ ಇತಿಹಾಸಕಾರರಾಗಿ ಜರ್ಮನ್ ಗಡಿಯ ಕಾಳಗಗಳ ಸಂಪುಟಗಳನ್ನು ಬರೆದರು. ಒಂದೇ ಗಡಿಯ ಕಾಳಗಗಳನ್ನು ಒಬ್ಬನೇ ಮನುಷ್ಯ ಒಮ್ಮೆ ನೆಲದಲ್ಲಿ ತೋಡಿಕೊಂಡ ಗುಂಡಿಯೊಳಗಿಂದ, ಇನ್ನೊಮ್ಮೆ ದಾಖಲೆಗಳ ಕೋಣೆಯಿಂದ ನೋಡಿ ಬರೆದದ್ದು ಅಪರೂಪ.

ಜನಪ್ರಿಯತೆಯ ಮಾತು ಬಂದರೆ ಆಡಿ ಮರ್ಫಿಗೆ ಸಾಟಿಯಿಲ್ಲ. ಟೆಕ್ಸಾಸ್‌ನ ಬಡ ಗೇಣಿದಾರನ ಮಗ. ಫ್ರಾನ್ಸಿನ ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ 1945ರ ಜನವರಿ 26ರಂದು, ಉರಿಯುತ್ತಿದ್ದ ಟ್ಯಾಂಕ್-ನಾಶಕ ವಾಹನದ ಮೇಲೇರಿ ಅದರ ಮೆಷಿನ್ ಗನ್ನಿನಿಂದ ಜರ್ಮನ್ ತುಕಡಿಯನ್ನು ಒಂಟಿಯಾಗಿ ತಡೆದದ್ದಕ್ಕೆ ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿ ಮೆಡಲ್ ಆಫ್ ಆನರ್ ಸಿಕ್ಕಿತು. 1949ರ 'ಟು ಹೆಲ್ ಅಂಡ್ ಬ್ಯಾಕ್' ಪುಸ್ತಕವನ್ನು ಗೆಳೆಯ ಡೇವಿಡ್ ಮೆಕ್‌ಕ್ಲೂರ್ ನೆರವಿನಿಂದ ಬರೆದರು. 1955ರಲ್ಲಿ ಅದು ಸಿನಿಮಾ ಆದಾಗ ನಾಯಕನ ಪಾತ್ರದಲ್ಲಿ ಅವರೇ ನಟಿಸಿದರು. ಪರದೆಯ ಮೇಲೆ ತನ್ನ ಗೆಳೆಯರ ಸಾವನ್ನು ಮತ್ತೆ ಅಭಿನಯಿಸಬೇಕಾದ ಆ ಮನುಷ್ಯ ದಿಂಬಿನ ಕೆಳಗೆ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದ. ಕೊನೆಯ ವರ್ಷಗಳಲ್ಲಿ ತನ್ನ ದುಃಸ್ವಪ್ನಗಳ ಬಗ್ಗೆ ಬಹಿರಂಗವಾಗಿ ಮಾತಾಡಿ, ಮರಳಿದ ಸೈನಿಕರ ಮನಸ್ಸಿನ ಆರೈಕೆಗೆ ಸರ್ಕಾರವನ್ನು ಒತ್ತಾಯಿಸಿದರು. 1971ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಹೆಚ್ಚಿನವರು ಮಾತಾಡಲೇ ಇಲ್ಲ. ಮದುವೆ, ಮನೆ, ಮರಳಿದ ಸೈನಿಕರಿಗಾಗಿ ಬಂದ ಜಿಐ ಬಿಲ್ ಕಾಯಿದೆಯ ನೆರವಿನಲ್ಲಿ ಕಾಲೇಜು, ನೌಕರಿ. ಇವುಗಳ ನಡುವೆ ಯುದ್ಧವನ್ನು ಅಟ್ಟಕ್ಕೆ ಹಾಕಿದರು. ಸಮಾಜವೂ ಕೇಳಲು ಸಿದ್ಧವಿರಲಿಲ್ಲ. ಮನಸ್ಸು ಘಾಸಿಗೊಂಡ ಸೈನಿಕರ ಚಿಕಿತ್ಸೆಯನ್ನು ಕುರಿತು ನಿರ್ದೇಶಕ ಜಾನ್ ಹ್ಯೂಸ್ಟನ್ ಸೈನ್ಯಕ್ಕಾಗಿಯೇ ತೆಗೆದ 'ಲೆಟ್ ದೇರ್ ಬಿ ಲೈಟ್' (1946) ಸಾಕ್ಷ್ಯಚಿತ್ರವನ್ನು ಸೈನ್ಯವೇ ತಡೆಹಿಡಿಯಿತು, ಸಾರ್ವಜನಿಕರು ಅದನ್ನು ನೋಡಿದ್ದು 1980ರ ದಶಕದ ಆರಂಭದಲ್ಲಿ. ಯುದ್ಧಾಘಾತದಿಂದ ಬರುವ ಮಾನಸಿಕ ತೊಂದರೆಗೆ ಅಮೆರಿಕದ ವೈದ್ಯಕೀಯ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿದ್ದೂ 1980ರಲ್ಲೇ, ಅದೂ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಹೋರಾಟದಿಂದ. ಪ್ರಕಾಶಕರ ಉದಾಸೀನಕ್ಕೆ ಪ್ಯಾರಾಟ್ರೂಪರ್ ಡೇವಿಡ್ ಕೆನ್ಯನ್ ವೆಬ್‌ಸ್ಟರ್ ಉದಾಹರಣೆ. ಯುದ್ಧದ ಬೆನ್ನಿಗೇ ಅವರು ಬರೆದಿಟ್ಟ 'ಪ್ಯಾರಾಶೂಟ್ ಇನ್‌ಫೆಂಟ್ರಿ' ಹಸ್ತಪ್ರತಿಯನ್ನು ಯಾರೂ ಪುಸ್ತಕ ಮಾಡಲಿಲ್ಲ. 1961ರಲ್ಲಿ ಒಬ್ಬರೇ ದೋಣಿಯಲ್ಲಿ ಹೋದ ವೆಬ್‌ಸ್ಟರ್ ಸಮುದ್ರದಲ್ಲಿ ಕಾಣೆಯಾದರು. ಪುಸ್ತಕ ಬಂದದ್ದು 1994ರಲ್ಲಿ.

ಮೌನವನ್ನು ಬೇರೆ ದಾರಿಯಲ್ಲಿ ಮುರಿದವರು ಜೆ. ಗ್ಲೆನ್ ಗ್ರೇ. ತತ್ತ್ವಶಾಸ್ತ್ರದ ಡಾಕ್ಟರೇಟೂ ಸೈನ್ಯದ ಕರೆಯೂ ಅವರ ಕೈಗೆ ಒಂದೇ ದಿನ ಬಂದಿದ್ದವು. ಇಟಲಿ, ಫ್ರಾನ್ಸ್‌ಗಳಲ್ಲಿ ಗುಪ್ತಚರ ದಳದಲ್ಲಿದ್ದ ಅವರು ತಮ್ಮ ಹಳೆಯ ದಿನಚರಿ, ಪತ್ರಗಳನ್ನು ವರ್ಷಗಳ ನಂತರ ಮತ್ತೆ ಓದಿ 1959ರಲ್ಲಿ 'ದಿ ವಾರಿಯರ್ಸ್' ಬರೆದರು. ಮನುಷ್ಯ ಯುದ್ಧವನ್ನು ದ್ವೇಷಿಸುತ್ತಲೇ ಅದರ ಭವ್ಯ ನೋಟಕ್ಕೂ ಒಡನಾಟದ ಸುಖಕ್ಕೂ ಸೋಲುತ್ತಾನೆಂಬ ಕಹಿಸತ್ಯವನ್ನು ಅಷ್ಟು ನಿಷ್ಠುರವಾಗಿ ಪರಿಶೀಲಿಸಿದ ಪುಸ್ತಕ ಈ ಸಾಲಿನಲ್ಲಿ ಇನ್ನೊಂದಿಲ್ಲ.

ಓಮಾಹಾ ದಡ

ಈ ಸ್ಮೃತಿಗಳಲ್ಲಿ ಅತಿ ಹೆಚ್ಚು ಬಾರಿ ಬರುವ ಜಾಗ ನಾರ್ಮಂಡಿಯ ಓಮಾಹಾ ದಡ. ದಿನ ಮಿತ್ರಪಡೆಗಳು ಅಲ್ಲಿ ಇಳಿದ 1944ರ ಜೂನ್ 6, ಡಿ-ಡೇ ಎಂದು ಹೆಸರಾದದ್ದು. ಹೊಯ್ದಾಡುವ ದೋಣಿಯಲ್ಲಿ ವಾಂತಿ, ತೆರೆದ ಬಾಗಿಲು, ಕುತ್ತಿಗೆಮಟ್ಟದ ನೀರು, ಮುಳುಗಿಸುವ ಹೊರೆ, ಮುಂದೆ ಮೆಷಿನ್ ಗನ್ನಿನ ಮಳೆ: ಹೇಳುವವರು ಬೇರೆಯಾದರೂ ವಿವರಗಳ ಸಾಲು ಹೆಚ್ಚುಕಡಿಮೆ ಒಂದೇ. ಮೊದಲ ಅಲೆಯಲ್ಲಿ ಇಳಿದ 116ನೇ ರೆಜಿಮೆಂಟಿನ 'ಎ' ಕಂಪನಿಯಲ್ಲಿ ವರ್ಜೀನಿಯಾ ರಾಜ್ಯದ ಬೆಡ್‌ಫರ್ಡ್ ಎಂಬ ಪುಟ್ಟ ಊರಿನ ಹುಡುಗರಿದ್ದರು. ಸುಮಾರು 3,200 ಜನಸಂಖ್ಯೆಯ ಆ ಊರು ಅಂದು ಒಂದೇ ದಿನ ಸುಮಾರು 20 ಮಂದಿಯನ್ನು ಕಳೆದುಕೊಂಡಿತು. ತಂತಿಗಳು ಊರು ತಲುಪಿದ್ದು ಜುಲೈ ತಿಂಗಳ ನಡುವಿನಲ್ಲಿ. ಅಮೆರಿಕದ ರಾಷ್ಟ್ರೀಯ ಡಿ-ಡೇ ಸ್ಮಾರಕ ಇರುವುದು ಅದೇ ಊರಿನಲ್ಲಿ, 2001ರಿಂದ.

ಕನ್ನಡದ ಓದುಗರ ಕಿವಿ ನಿಮಿರುವ ಒಂದು ವಿವರ ಈ ದಡದ ಕಥೆಗಳಲ್ಲಿದೆ. ಮುಳ್ಳುತಂತಿಯ ಬೇಲಿ ಒಡೆಯಲು ಅಮೆರಿಕನ್ ಇಂಜಿನಿಯರ್ ದಳದವರು ಉದ್ದನೆಯ ಕೊಳವೆಗಳನ್ನು ಹೊತ್ತು ತಂದಿದ್ದರು. ಐದೈದು ಅಡಿಯ ಈ ತುಂಡುಗಳೊಳಗೆ ಸ್ಫೋಟಕ ತುಂಬಿರುತ್ತದೆ; ಒಂದಕ್ಕೊಂದು ಜೋಡಿಸಿ, ಮಲಗಿಕೊಂಡೇ ಬೇಲಿಯ ಕೆಳಗೆ ತಳ್ಳಿ ಸಿಡಿಸಿದರೆ ಒಬ್ಬ ನುಸುಳುವಷ್ಟು ದಾರಿಯಾಗುತ್ತದೆ. ಇವುಗಳ ಹೆಸರು ಬೆಂಗಳೂರು ಟಾರ್ಪಿಡೊ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ ಸಾಧನ ಇದು. ದಡದಿಂದ ಮೇಲೇರುವ ದಾರಿ ತೆರೆದ ಕ್ಷಣವನ್ನು ನೆನೆಯುವಾಗ ಆ ಯೋಧರು ನಮ್ಮ ಊರಿನ ಹೆಸರನ್ನು ಅದೊಂದು ಊರೆಂಬ ಯೋಚನೆಯೇ ಇಲ್ಲದೆ ಹೇಳಿಹೋಗುತ್ತಾರೆ.

ಇಟಲಿಯಲ್ಲಿ ಕಾದಿದವರಿಗೆ ಈ ದಡದ ಖ್ಯಾತಿಯೇ ಒಂದು ಕೊರಗು. ರೋಮ್ ವಶವಾದದ್ದು ಜೂನ್ 4ರಂದು, ಎರಡೇ ದಿನಕ್ಕೆ ನಾರ್ಮಂಡಿಯ ಸುದ್ದಿ ಬಂದು ಅದನ್ನು ಪತ್ರಿಕೆಗಳ ಮುಖಪುಟದಿಂದ ತಳ್ಳಿತು. ಆನ್ಸಿಯೊ, ಕಸೀನೊಗಳ ಕೆಸರಿನಲ್ಲಿ ತಿಂಗಳುಗಟ್ಟಲೆ ಕಳೆದವರ ಸ್ಮೃತಿಗಳು ಇಂದಿಗೂ ಕಡಿಮೆ ಓದಲ್ಪಡುತ್ತವೆ.

ಆಕಾಶದಿಂದ ಕಂಡದ್ದು

ಇಂಗ್ಲೆಂಡಿನಿಂದ ಹಾರುತ್ತಿದ್ದ ಎಂಟನೇ ವಾಯುದಳವೊಂದರಲ್ಲೇ ಸುಮಾರು 26,000 ಮಂದಿ ಸತ್ತರು. ಬಾಂಬರ್ ಸಿಬ್ಬಂದಿಗೆ ಮೊದಲು 25 ಹಾರಾಟ ಮುಗಿಸಿದರೆ ಬಿಡುಗಡೆ; ಮುಂದೆ ಅದು 30, 35 ಎಂದು ಏರಿತು. ಕಾರ್ಸಿಕಾ ದ್ವೀಪದಿಂದ 60 ಹಾರಾಟ ನಡೆಸಿದ ಜೋಸೆಫ್ ಹೆಲ್ಲರ್ ಈ ಏರುವ ಲೆಕ್ಕವನ್ನೇ 1961ರ 'ಕ್ಯಾಚ್-22' ಕಾದಂಬರಿಯ ತಿರುಳಾಗಿಸಿದರು. ವಿಮಾನದವರ ನೆನಪುಗಳಲ್ಲಿ ಚಳಿ, ಆಮ್ಲಜನಕದ ಮುಖವಾಡ, ಸುತ್ತ ಸಿಡಿಯುವ ಕಪ್ಪು ಹೊಗೆಯ ಗುಂಡುಗಳು ಇರುತ್ತವೆ. ಬಾಂಬು ಬಿದ್ದ ಕಡೆಯ ಮನುಷ್ಯರು ಇರುವುದಿಲ್ಲ. ಅಷ್ಟು ಎತ್ತರದಿಂದ ಕಾಣುವಂತೆಯೇ ಇರಲಿಲ್ಲ.

ಆ ಕೊರತೆಯನ್ನು ತುಂಬಿದ ಎರಡು ಕಥನಗಳಿವೆ. ಮುಂದೆ 1972ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ ಜಾರ್ಜ್ ಮೆಕ್‌ಗವರ್ನ್ ಇಟಲಿಯಿಂದ 35 ಹಾರಾಟ ನಡೆಸಿದ ಪೈಲಟ್. ಒಮ್ಮೆ ಬಾಂಬೊಂದು ಸಿಕ್ಕಿಕೊಂಡು, ಹಿಂದಿರುಗುವಾಗ ಅದನ್ನು ಬಿಡಿಸಿದರೆ ಆಸ್ಟ್ರಿಯಾದ ಒಂಟಿ ತೋಟದ ಮನೆಯ ಮೇಲೆಯೇ ಬಿತ್ತು. ಹೊತ್ತು ನಡುಮಧ್ಯಾಹ್ನ, ರೈತನ ಮನೆಯವರು ಊಟಕ್ಕೆ ಕೂತಿರುವ ಸಮಯವೆಂದು ಹಳ್ಳಿಯ ಹಿನ್ನೆಲೆಯ ಮೆಕ್‌ಗವರ್ನ್‌ಗೆ ಗೊತ್ತಿತ್ತು. ಅದೇ ದಿನ ತಮಗೆ ಮಗಳು ಹುಟ್ಟಿದ ಸುದ್ದಿಯೂ ಅವರಿಗೆ ಬಂತು. ದಶಕಗಳ ಕಾಲ ಈ ಭಾರ ಹೊತ್ತ ಅವರು 1980ರ ದಶಕದಲ್ಲಿ ಆಸ್ಟ್ರಿಯಾದ ದೂರದರ್ಶನದಲ್ಲಿ ಅದನ್ನು ಹೇಳಿಕೊಂಡರು. ಕಾರ್ಯಕ್ರಮ ನೋಡಿದ ಮುದುಕ ರೈತನೊಬ್ಬ ಫೋನ್ ಮಾಡಿ, ಅದು ನನ್ನ ಮನೆ, ವಿಮಾನ ಬರುವುದನ್ನು ಕಂಡು ಹೆಂಡತಿ ಮಕ್ಕಳನ್ನು ಹೊರಗೆ ಕರೆದೊಯ್ದಿದ್ದೆ, ಯಾರಿಗೂ ಏನೂ ಆಗಲಿಲ್ಲ ಎಂದು ತಿಳಿಸಿದ. ಯುದ್ಧಸ್ಮೃತಿಗೆ ಆಚೆ ಬದಿಯಿಂದ ಇಂಥ ಉತ್ತರ ಸಿಕ್ಕದ್ದು ತೀರ ವಿರಳ.

ಹೋವರ್ಡ್ ಜಿನ್‌ಗೆ ಸಿಕ್ಕ ಉತ್ತರ ಬೇರೆ. ಯುದ್ಧ ಮುಗಿಯಲು ಮೂರೇ ವಾರವಿದ್ದಾಗ, 1945ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ರೋಯಾಂ ಪಟ್ಟಣದ ಮೇಲೆ ನೇಪಾಮ್ ಸುರಿದ ಬಾಂಬರ್‌ಗಳಲ್ಲಿ ಅವರೂ ಇದ್ದರು. ಆಗ ಅವರಿಗೆ ಅದೊಂದು ಮಾಮೂಲಿ ಹಾರಾಟ. ಇತಿಹಾಸದ ಪ್ರಾಧ್ಯಾಪಕರಾದ ಮೇಲೆ 1966ರಲ್ಲಿ ಆ ಊರಿಗೆ ಹೋಗಿ, ಅಲ್ಲಿಯ ಗ್ರಂಥಾಲಯದ ಕಡತ ತಿರುವಿ, ಬದುಕುಳಿದವರನ್ನು ಮಾತಾಡಿಸಿ, ಆ ದಾಳಿಗೆ ಸೈನಿಕ ಕಾರಣವೇ ಇರಲಿಲ್ಲವೆಂಬ ತೀರ್ಮಾನಕ್ಕೆ ಬಂದರು. ತನ್ನ ನೆನಪನ್ನು ತಾನೇ ಕಟಕಟೆಗೆ ನಿಲ್ಲಿಸಿ ಪಾಟಿಸವಾಲು ಮಾಡಿದ ಯೋಧರಲ್ಲಿ ಜಿನ್ ಮೊದಲಿಗರ ಸಾಲಿನವರು.

ಕೈದಿಗಳು, ಶಿಬಿರಗಳು

ಜರ್ಮನರ ಸೆರೆಗೆ ಸಿಕ್ಕ ಅಮೆರಿಕನ್ನರು 90,000ಕ್ಕೂ ಹೆಚ್ಚು. ಅವರಲ್ಲಿ ಜಗತ್ತಿಗೆ ಗೊತ್ತಿರುವ ಹೆಸರು ಕರ್ಟ್ ವಾನಗಟ್. ಬಲ್ಜ್ ಕದನದಲ್ಲಿ ಸೆರೆಯಾಗಿ ಡ್ರೆಸ್ಡೆನ್ ನಗರಕ್ಕೆ ಸಾಗಿಸಲ್ಪಟ್ಟ ಅವರು 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಕಸಾಯಿಖಾನೆಯ ನೆಲಮಾಳಿಗೆಯಲ್ಲಿ ಬದುಕುಳಿದರು. ಬಿಡುಗಡೆಯಾದೊಡನೆ ಮೇ ತಿಂಗಳಲ್ಲಿ ಮನೆಗೆ ಬರೆದ ಪತ್ರ ಈಗ ಪ್ರಕಟವಾಗಿದೆ. ಒಣ ಹಾಸ್ಯದ ಮೂರು ಪುಟ. ಅದೇ ಅನುಭವ 'ಸ್ಲಾಟರ್‌ಹೌಸ್-ಫೈವ್' ಕಾದಂಬರಿಯಾಗಲು 1969ರವರೆಗೆ ಕಾಯಬೇಕಾಯಿತು. ಅದರಲ್ಲಿ ಬರುವ 1,35,000 ಸಾವಿನ ಅಂಕಿ ವಾನಗಟ್ ಕಂಡದ್ದಲ್ಲ, 1963ರಲ್ಲಿ ಬಂದ, ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್‌ನ ಪುಸ್ತಕದ್ದು. ಡ್ರೆಸ್ಡೆನ್ ನಗರ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಸಾವುಗಳು ಹೆಚ್ಚೆಂದರೆ 25,000 ಎಂದು ನಿರ್ಣಯಿಸಿತು. ಓದಿದ್ದು, ಸಿನಿಮಾದಲ್ಲಿ ನೋಡಿದ್ದು ಕಂಡದ್ದರೊಂದಿಗೆ ಬೆರೆತುಹೋಗುವ ಈ ಕ್ರಿಯೆ ತಡವಾಗಿ ಹೇಳಿದ ಬಹುತೇಕ ಸ್ಮೃತಿಗಳಲ್ಲಿದೆ.

ರಾಡಿ ಎಡ್ಮಂಡ್ಸ್ ಕಥೆ ಹೇಳದೇ ಉಳಿದದ್ದರ ಕಥೆ. ಟೆನೆಸ್ಸಿ ರಾಜ್ಯದ ಈ ಸಾರ್ಜೆಂಟ್ 1945ರ ಜನವರಿಯಲ್ಲಿ ಜೀಗನ್‌ಹೈನ್ ಬಳಿಯ ಕೈದಿ ಶಿಬಿರದಲ್ಲಿ ಅಮೆರಿಕನ್ನರಲ್ಲಿ ಹಿರಿಯ ಹುದ್ದೆಯವನಾಗಿದ್ದ. ಯಹೂದಿ ಕೈದಿಗಳು ಮಾತ್ರ ಹೊರಗೆ ಸಾಲುನಿಲ್ಲಬೇಕೆಂದು ಶಿಬಿರದ ಅಧಿಕಾರಿ ಆಜ್ಞೆ ಮಾಡಿದ. ಎಡ್ಮಂಡ್ಸ್ ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಒಟ್ಟಿಗೆ ನಿಲ್ಲಿಸಿ, ನಾವೆಲ್ಲರೂ ಯಹೂದಿಗಳೇ ಎಂದ. ಹಣೆಗೆ ಪಿಸ್ತೂಲು ಇಟ್ಟರೂ ಕದಲಲಿಲ್ಲ. ಸುಮಾರು 200 ಯಹೂದಿ ಸೈನಿಕರು ಉಳಿದುಕೊಂಡರು. 1985ರಲ್ಲಿ ಸಾಯುವವರೆಗೆ ಆತ ಮನೆಯಲ್ಲಿ ಇದನ್ನು ಬಾಯಿಬಿಡಲಿಲ್ಲ. ತಂದೆಯ ದಿನಚರಿಯ ಜಾಡು ಹಿಡಿದ ಮಗನಿಗೆ ವಿಷಯ ತಿಳಿದದ್ದು ಆ ದಿನ ಅಲ್ಲಿದ್ದು ಬದುಕಿದವರ ಮಾತಿನಿಂದ. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2015ರಲ್ಲಿ ಎಡ್ಮಂಡ್ಸ್‌ಗೆ ತನ್ನ ಅತ್ಯುನ್ನತ ಗೌರವ ನೀಡಿತು. ಅದನ್ನು ಪಡೆದ ಮೊದಲ ಅಮೆರಿಕನ್ ಸೈನಿಕ ಆತನೇ.

1945ರ ಏಪ್ರಿಲ್‌ನಲ್ಲಿ ಓರ್‌ಡ್ರುಫ್, ಬುಖೆನ್‌ವಾಲ್ಡ್, ಡಾಖೌ ನಾಜಿ ಶಿಬಿರಗಳನ್ನು ಹೊಕ್ಕವರ ಮಾತುಗಳಲ್ಲಿ ಮೊದಲು ಬರುವುದು ಮೈಲಿ ದೂರದಿಂದಲೇ ಬಡಿದ ವಾಸನೆ. ಡಾಖೌ ಬಗ್ಗೆ ಮಾತ್ರ ಒಂದು ಜಗಳ ಮುಗಿದೇ ಇಲ್ಲ: ಏಪ್ರಿಲ್ 29ರಂದು ಮೊದಲು ಬಾಗಿಲು ತಲುಪಿದವರು 42ನೇ ಡಿವಿಷನ್ನಿನವರೋ 45ನೇ ಡಿವಿಷನ್ನಿನವರೋ? ಎರಡೂ ಕಡೆಯ ಯೋಧರು ಕೊನೆಯ ಉಸಿರಿನವರೆಗೂ ತಮ್ಮ ಪಟ್ಟು ಬಿಡಲಿಲ್ಲ. ಅಲ್ಲಿ ಶರಣಾದ ಕಾವಲುಗಾರರನ್ನು ಕೆಲವು ಅಮೆರಿಕನ್ನರು ಗುಂಡಿಟ್ಟು ಕೊಂದದ್ದರ ಬಗ್ಗೆ ಮಾತ್ರ ಹೇಳಿಕೊಳ್ಳಲು ಇಷ್ಟು ಪೈಪೋಟಿ ಇರಲಿಲ್ಲ.

ಯಾರನ್ನು ಕೇಳಲಿಲ್ಲ

ಜನಾಂಗಗಳನ್ನು ಬೇರ್ಪಡಿಸಿದ ಸೈನ್ಯ ಹಿಟ್ಲರನ ಜನಾಂಗವಾದದ ವಿರುದ್ಧ ಹೋರಾಡಿತು ಎಂಬ ವಿಪರ್ಯಾಸ ಬಿಳಿಯರ ಸ್ಮೃತಿಗಳಲ್ಲಿ ಬಹುಕಾಲ ಕಾಣಿಸಲೇ ಇಲ್ಲ. ಎರಡನೆಯ ಮಹಾಯುದ್ಧದ ಮೆಡಲ್ ಆಫ್ ಆನರ್ ಪಟ್ಟಿಯಲ್ಲಿ ಅರ್ಧ ಶತಮಾನದವರೆಗೆ ಒಬ್ಬನೇ ಒಬ್ಬ ಕರಿಯ ಸೈನಿಕನ ಹೆಸರಿರಲಿಲ್ಲ. 1997ರ ಜನವರಿಯಲ್ಲಿ ಏಳು ಮಂದಿಗೆ ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಮಾತ್ರ. ಇಟಲಿಯ ಅಘಿನೋಲ್ಫಿ ಕೋಟೆಯ ಮೇಲೆ 1945ರ ಏಪ್ರಿಲ್‌ನಲ್ಲಿ ನಡೆದ ದಾಳಿಯಲ್ಲಿ ತಮ್ಮ ಬಿಳಿಯ ಕ್ಯಾಪ್ಟನ್ ನೆರವು ತರುತ್ತೇನೆಂದು ಹೋಗಿ ಮರಳಲಿಲ್ಲವೆಂದೂ, ತಮ್ಮ ಪ್ಲಟೂನಿನ ಬಹುಪಾಲು ಹುಡುಗರು ಅಲ್ಲಿ ಸತ್ತರೆಂದೂ ಬೇಕರ್ 'ಲಾಸ್ಟಿಂಗ್ ವೇಲರ್' (1997) ಪುಸ್ತಕದಲ್ಲಿ ಹೇಳಿದ್ದಾರೆ.

ಜಪಾನಿ ಮೂಲದ ಅಮೆರಿಕನ್ನರ 442ನೇ ರೆಜಿಮೆಂಟಿನ ಎಷ್ಟೋ ಸೈನಿಕರ ತಂದೆತಾಯಿಗಳು ಅಮೆರಿಕದಲ್ಲೇ ಮುಳ್ಳುತಂತಿಯ ಶಿಬಿರಗಳಲ್ಲಿ ಬಂದಿಗಳಾಗಿದ್ದರು. 1944ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಸುತ್ತುವರಿಯಲ್ಪಟ್ಟ ಟೆಕ್ಸಾಸ್ ಪಡೆಯ 211 ಮಂದಿಯನ್ನು ಬಿಡಿಸಲು ಈ ರೆಜಿಮೆಂಟು ಸುಮಾರು 800 ಮಂದಿಯ ಸಾವುನೋವು ಅನುಭವಿಸಿತು. ಅದರ ಡೇನಿಯಲ್ ಇನೊಯೆ 1945ರ ಏಪ್ರಿಲ್ 21ರಂದು ಇಟಲಿಯಲ್ಲಿ ಬಲಗೈ ಕಳೆದುಕೊಂಡರು. ಪದಕ ತುಂಬಿದ ಸಮವಸ್ತ್ರದಲ್ಲಿ, ಬಲತೋಳಿನ ಜಾಗದಲ್ಲಿ ಕೊಕ್ಕೆ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಕ್ಷೌರದಂಗಡಿಗೆ ಹೋದರೆ, ಜಪಾನಿಯವರಿಗೆ ಇಲ್ಲಿ ಕ್ಷೌರವಿಲ್ಲವೆಂದು ಅಟ್ಟಿದರೆಂಬುದನ್ನು ಅವರು ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಮಿಶಿಗನ್‌ನ ಸೈನಿಕ ಆಸ್ಪತ್ರೆಯಲ್ಲಿ ಅವರಿಗೆ ಜೊತೆಯಾದವರು ಅದೇ ತಿಂಗಳು ಇಟಲಿಯಲ್ಲೇ ಗಾಯಗೊಂಡಿದ್ದ ಬಾಬ್ ಡೋಲ್ ಮತ್ತು ನಾರ್ಮಂಡಿಯಲ್ಲಿ ಗಾಯಗೊಂಡ ಫಿಲಿಪ್ ಹಾರ್ಟ್. ಮೂವರೂ ಸೆನೆಟರ್‌ಗಳಾದರು, ಆ ಆಸ್ಪತ್ರೆಯ ಕಟ್ಟಡಕ್ಕೆ ಈಗ ಮೂವರ ಹೆಸರೂ ಇದೆ.

ಮಹಿಳೆಯರ ಕಥನಗಳಲ್ಲಿ ಚಾರಿಟಿ ಆಡಮ್ಸ್ ಅರ್ಲಿ ಅವರ 'ಒನ್ ವುಮನ್ಸ್ ಆರ್ಮಿ' (1989) ಮುಖ್ಯವಾದದ್ದು. ಸುಮಾರು 850 ಮಹಿಳೆಯರಿದ್ದ, ಬಹುಪಾಲು ಕರಿಯರ 6888ನೇ ಅಂಚೆ ಬೆಟಾಲಿಯನ್ನಿನ ಮುಖ್ಯಸ್ಥೆ ಆಕೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗೋದಾಮುಗಳಲ್ಲಿ ಇಲಿ ಕಡಿಯುತ್ತಿದ್ದ ಪತ್ರದ ರಾಶಿಯನ್ನು ಆರು ತಿಂಗಳಲ್ಲಿ ಮುಗಿಸಲು ಹೇಳಿದ್ದರು, ಮೂರೇ ತಿಂಗಳಲ್ಲಿ ಮುಗಿಸಿದರು. ನಿನ್ನ ಜಾಗಕ್ಕೆ ಬಿಳಿಯ ಲೆಫ್ಟಿನೆಂಟನ್ನು ಹಾಕುತ್ತೇನೆಂದು ಹೆದರಿಸಿದ ಜನರಲ್‌ಗೆ ಮುಖಕ್ಕೆ ಮುಖ ಕೊಟ್ಟು ಉತ್ತರಿಸಿದ್ದನ್ನು ಆಕೆ ಬಿಗುಮಾನವಿಲ್ಲದೆ ವರ್ಣಿಸಿದ್ದಾರೆ. ಬೆಟಾಲಿಯನ್ನಿಗೆ ಕಾಂಗ್ರೆಸ್ಸಿನ ಚಿನ್ನದ ಪದಕ ಮಂಜೂರಾದದ್ದು 2022ರಲ್ಲಿ, ಆಕೆ ತೀರಿಕೊಂಡು ಇಪ್ಪತ್ತು ವರ್ಷಕ್ಕೆ.

ಟೇಪ್ ರೆಕಾರ್ಡರ್ ಬಂದ ಮೇಲೆ

ಸಾಮಾನ್ಯ ಸಿಪಾಯಿಯ ಬಾಯಿಮಾತನ್ನು ಇತಿಹಾಸವಾಗಿ ಮೊದಲು ಮಾರಿ ತೋರಿಸಿದವರು ಪತ್ರಕರ್ತ ಕಾರ್ನೀಲಿಯಸ್ ರಯಾನ್. 'ದಿ ಲಾಂಗೆಸ್ಟ್ ಡೇ' (1959) ಪುಸ್ತಕಕ್ಕಾಗಿ ಅವರು ಎರಡೂ ಪಾಳಯಗಳ ಯೋಧರಿಗೆ ಕಳಿಸಿದ ಪ್ರಶ್ನಾವಳಿಗಳು, ಬಂದ ಉತ್ತರಗಳು ಓಹಾಯೊ ವಿಶ್ವವಿದ್ಯಾಲಯದಲ್ಲಿವೆ. 1984ರಲ್ಲಿ ಸ್ಟಡ್ಸ್ ಟರ್ಕಲ್ 'ದಿ ಗುಡ್ ವಾರ್' ಸಂಕಲನದಲ್ಲಿ ಸಿಪಾಯಿಗಳೊಂದಿಗೆ ನರ್ಸ್‌ಗಳನ್ನೂ ಕಾರ್ಖಾನೆಯ ಹೆಂಗಸರನ್ನೂ ಮಾತಾಡಿಸಿ ಪುಲಿಟ್ಜರ್ ಪಡೆದರು. 1990ರ ದಶಕದಲ್ಲಿ ನಾರ್ಮಂಡಿಯ ಐವತ್ತನೇ ವರ್ಷಾಚರಣೆ, ಸ್ಪೀಲ್‌ಬರ್ಗ್‌ರ 'ಸೇವಿಂಗ್ ಪ್ರೈವೇಟ್ ರಯಾನ್', ಟಾಮ್ ಬ್ರೋಕಾ ಅವರ 'ದಿ ಗ್ರೇಟೆಸ್ಟ್ ಜನರೇಷನ್' ಒಂದರ ಹಿಂದೊಂದು ಬಂದು, ಅದುವರೆಗೆ ಸುಮ್ಮನಿದ್ದ ಮುದುಕರು ಮಾತಾಡತೊಡಗಿದರು. ಅವರನ್ನು ಪೂಜಿಸುವ ಈ ಗಾಳಿಗೆ ಎದುರು ನಿಂತವರು ಪಾಲ್ ಫಸಲ್. 20 ವರ್ಷದ ಲೆಫ್ಟಿನೆಂಟ್ ಆಗಿ 1945ರ ಮಾರ್ಚ್‌ನಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ಈ ಇಂಗ್ಲಿಷ್ ಪ್ರಾಧ್ಯಾಪಕರು, ಅಂದು ಪಕ್ಕದಲ್ಲೇ ಸತ್ತ ತಮ್ಮ ಸಾರ್ಜೆಂಟ್‌ಗೆ ಮೊದಲ ಮಹಾಯುದ್ಧದ ಬಗೆಗಿನ ತಮ್ಮ ಪ್ರಖ್ಯಾತ ಗ್ರಂಥವನ್ನು ಅರ್ಪಿಸಿದವರು. ಯುದ್ಧದ ದಡ್ಡತನ, ಹೊಲಸು, ಅನ್ಯಾಯಗಳನ್ನು ತೊಳೆದು ಹೊಳಪು ಕೊಡುವುದು ಸತ್ತವರಿಗೆ ಮಾಡುವ ಅವಮಾನವೆಂಬುದು 'ಡೂಯಿಂಗ್ ಬ್ಯಾಟಲ್' (1996) ಸೇರಿ ಅವರ ಎಲ್ಲ ಬರಹಗಳ ಹಟ. ಈ ಲೇಖಕನ ಒಲವೂ ಫಸಲ್ ಕಡೆಗೇ.

ಸ್ಟೀಫನ್ ಆಂಬ್ರೋಸ್ ನ್ಯೂ ಆರ್ಲಿಯನ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಯೋಧರ ಮಾತು ಸಂಗ್ರಹಿಸಿದರು; ಅಲ್ಲಿ 2000ದಲ್ಲಿ ಆರಂಭವಾದ ಡಿ-ಡೇ ಸಂಗ್ರಹಾಲಯ ಈಗ ರಾಷ್ಟ್ರೀಯ ಎರಡನೆಯ ಮಹಾಯುದ್ಧ ಸಂಗ್ರಹಾಲಯವಾಗಿದೆ. ಅವರ 'ಬ್ಯಾಂಡ್ ಆಫ್ ಬ್ರದರ್ಸ್' (1992), ಅದನ್ನು ಆಧರಿಸಿದ 2001ರ ಟಿವಿ ಸರಣಿ ಒಂದು ಪ್ಯಾರಾಶೂಟ್ ಕಂಪನಿಯನ್ನು ಜಗತ್ಪ್ರಸಿದ್ಧ ಮಾಡಿದವು. ಹಳೆಯ ಗೆಳೆಯರ ಕೂಟದಲ್ಲಿ ಎಲ್ಲರೂ ಒಪ್ಪಿದ್ದೇ ಸತ್ಯವಾಗಿಬಿಡುವ ಅಪಾಯವೂ ಅದರಲ್ಲಿ ಕಾಣುತ್ತದೆ. ನಾರ್ಮಂಡಿಯಲ್ಲಿ ಗಾಯಗೊಂಡ ಆಲ್ಬರ್ಟ್ ಬ್ಲೈತ್ ಆ ಗಾಯದಿಂದ ಚೇತರಿಸಿಕೊಳ್ಳಲೇ ಇಲ್ಲವೆಂದು ಕಂಪನಿಯವರು ನಂಬಿದ್ದರು. 1948ರಲ್ಲಿ ಸತ್ತರೆಂದು ಸರಣಿ ಹೇಳಿತು. ಬ್ಲೈತ್ ವಾಸ್ತವದಲ್ಲಿ ಸೈನ್ಯದಲ್ಲೇ ಮುಂದುವರಿದು, ಕೊರಿಯಾ ಯುದ್ಧದಲ್ಲೂ ಇದ್ದು, ತೀರಿಕೊಂಡದ್ದು 1967ರಲ್ಲಿ.

ಅಮೆರಿಕದ ಸಂಸತ್ತು 2000ದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 'ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್' ಸ್ಥಾಪಿಸಿತು. ಕನಿಷ್ಠ 30 ನಿಮಿಷದ ಸಂದರ್ಶನವನ್ನು ಯಾರು ಬೇಕಾದರೂ, ಶಾಲೆಯ ಮಕ್ಕಳೂ, ದಾಖಲಿಸಿ ಕಳಿಸಬಹುದು. ಎಲ್ಲ ಯುದ್ಧಗಳೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಸಂಗ್ರಹ ಅಲ್ಲಿದೆ. ಲ್ಯಾಟಿನ್ ಅಮೆರಿಕನ್ ಮೂಲದ ಸೈನಿಕರು ಎಲ್ಲ ಕಡೆ ಬಿಟ್ಟುಹೋಗುತ್ತಿರುವುದನ್ನು ಕಂಡು ಟೆಕ್ಸಾಸ್ ವಿಶ್ವವಿದ್ಯಾಲಯದ ಮ್ಯಾಗಿ ರಿವಾಸ್-ರೊಡ್ರಿಗೆಸ್ 1999ರಲ್ಲೇ ಬೇರೆ ಯೋಜನೆ ಆರಂಭಿಸಿದ್ದರು. 2007ರಲ್ಲಿ ಕೆನ್ ಬರ್ನ್ಸ್ ಅವರ 'ದಿ ವಾರ್' ಸಾಕ್ಷ್ಯಚಿತ್ರದಲ್ಲಿ ಅದೇ ಲೋಪ ಕಂಡು ಪ್ರತಿಭಟನೆ ನಡೆದು, ಪ್ರಸಾರಕ್ಕೆ ಮುಂಚೆ ಹೊಸ ಸಂದರ್ಶನಗಳನ್ನು ಸೇರಿಸಬೇಕಾಯಿತು.

ಆ 1.6 ಕೋಟಿ ಮಂದಿಯಲ್ಲಿ 2024ರ ಹೊತ್ತಿಗೆ ಬದುಕಿದ್ದವರು ಸುಮಾರು 66,000 ಎಂಬುದು ಸರ್ಕಾರಿ ಅಂದಾಜು. ಹೊಸದಾಗಿ ಈ ಸಾಹಿತ್ಯ ಓದುವವರು ಟಿವಿ ಸರಣಿಗಳಿಗಿಂತ ಮೊದಲು ಮ್ಯಾಕ್‌ಡೊನಾಲ್ಡ್ ಓದಲಿ, ಅದರ ಬೆನ್ನಿಗೇ ಚಾರಿಟಿ ಅರ್ಲಿ ಅವರನ್ನೂ ವರ್ನನ್ ಬೇಕರ್ ಅವರನ್ನೂ ಓದಲಿ. ಯಾವ ಪುಸ್ತಕ ಕೈಗೆತ್ತಿಕೊಂಡರೂ ಅದು ಮೊದಲು ಅಚ್ಚಾದ ವರ್ಷ ನೋಡಿಯೇ ಮುಂದೆ ಹೋಗಲಿ.